ಹಿಮದ ನಾಡಿನಲ್ಲಿ ಹಳದಿ ಪೊಟ್ಟಣ

ಪ್ರವಾಸ ಮುಗಿಸಿ ಬಂದವನನ್ನು ಮಿತ್ರರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಗೊತ್ತಿದ್ದವೇ: ಏನೇನು ನೋಡಿದಿರಿ, ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಿಂದ ಮೈಸೂರಿಗೆ ಮರಳಿದ ಮೇಲೆ ಮೊದಲೆರಡು ಪ್ರಶ್ನೆಗಳಿಗೆ ಯಥಾಶಕ್ತಿ ವಿಸ್ತಾರವಾಗಿಯೇ ಉತ್ತರ ಕೊಟ್ಟೆನು; ಮೂರನೆಯದಕ್ಕೆ ಮಾತ್ರ ‘ಮ್ಯಾಗಿ’ ಎಂದು ಹೇಳಿ ಸುಮ್ಮನಾಗುತ್ತಿದ್ದೆನು. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆನು. ಆದರೆ ನಗು ನಿಂತ ಮೇಲೂ ಆ ಉತ್ತರ ನನ್ನನ್ನು ಬಿಡಲಿಲ್ಲ. ಮುಂಗಾರಿನ ಮೋಡಗಳೇ ದಾಟಲು ಹಿಂಜರಿಯುವ ಪರ್ವತಶ್ರೇಣಿಯ ಆಚೆಗೆ, ಮರವೊಂದು ಕಂಡರೆ ಕೈ ತೋರಿಸಿ ಹೇಳಬೇಕೆನಿಸುವಂತಹ ಶೀತಲ ಮರುಭೂಮಿಯಲ್ಲಿ, ಸಾವಿರ ವರ್ಷಗಳ ವಿಹಾರವೊಂದರ ಗೋಡೆಯಿಂದ ಕೂಗಳತೆಯ ದೂರದಲ್ಲಿ, ನಮ್ಮ ಬೀದಿಯ ತುದಿಯ ಅಂಗಡಿಯಲ್ಲಿ ಶಾಂಪೂ ಸರಗಳ ಪಕ್ಕಕ್ಕೆ ತೂಗುವ ಅದೇ ಹಳದಿ ಪೊಟ್ಟಣ ನನಗಿಂತ ಮೊದಲೇ ಹೋಗಿ ಕಾದು ಕುಳಿತಿತ್ತಲ್ಲ, ಇದಕ್ಕೆ ನಾನು ಸಂತೋಷಪಡಬೇಕಾಗಿತ್ತೆ, ವ್ಯಸನಪಡಬೇಕಾಗಿತ್ತೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ನನ್ನ ಜೊತೆಗಾರನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವ ತರುಣ. ಆಹಾರದ ವಿಷಯದಲ್ಲಿ ಅವನಿಗೆ ಹಸಿವೊಂದನ್ನು ಬಿಟ್ಟು ಬೇರಾವ ಸಿದ್ಧಾಂತವೂ ಇಲ್ಲ. ಶಿಮ್ಲಾದಿಂದ ಹಳೆಯ ಹಿಂದುಸ್ತಾನ್–ಟಿಬೆಟ್ ಮಾರ್ಗವನ್ನು ಹಿಡಿದು ಹೊರಟೆವು. ನಾರ್ಕಂಡದ ದೇವದಾರು ವನಗಳು, ಅವುಗಳ ಕೆಳಗೆ ಬೆಟ್ಟದ ಸೊಂಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಸೇಬಿನ ತೋಟಗಳು, ರಾಮ್‌ಪುರದ ಬಳಿ ಬೂದಿಬಣ್ಣದ ನೀರನ್ನು ಹೊತ್ತು ಭೋರ್ಗರೆಯುವ ಸಟ್ಲೆಜ್, ಇವುಗಳನ್ನು ದಾಟಿ ಕಿನ್ನೌರನ್ನು ಹೊಕ್ಕ ಮೇಲೆ ದಾರಿಯೆಂಬುದು ಬಂಡೆಯ ಹೊಟ್ಟೆಯನ್ನು ಕೊರೆದ ಗೀರು ಮಾತ್ರವಾಗಿ ಉಳಿಯುತ್ತದೆ. ಆ ಗೀರಿನಲ್ಲಿಯೂ, ಎರಡು ವಾಹನಗಳು ನಿಲ್ಲುವಷ್ಟು ಜಾಗ ಎಲ್ಲಿ ಅಗಲವಾಯಿತೋ ಅಲ್ಲೆಲ್ಲ ತಗಡಿನ ಒಂದು ಮಾಡು, ಒಂದು ಗ್ಯಾಸ್ ಒಲೆ, ದಾರಕ್ಕೆ ಪೋಣಿಸಿದ ಹಳದಿ ಪೊಟ್ಟಣಗಳ ತೋರಣ, ರಟ್ಟಿನ ಮೇಲೆ ಕೈಬರೆಹದಲ್ಲಿ ‘ಮ್ಯಾಗಿ ಪಾಯಿಂಟ್’ ಎಂಬ ಫಲಕ. ಸಾದಾ, ತರಕಾರಿಯದು, ಮೊಟ್ಟೆಯದು, ಚೀಸಿನದು ಎಂಬ ನಾಲ್ಕು ಭೇದಗಳಲ್ಲದೆ ಐದನೆಯದಿಲ್ಲ.

ಕಿನ್ನೌರಿನ ಊಟದ ವಿಷಯವಾಗಿ ಹೊರಡುವ ಮುನ್ನವೇ ಓದಿಕೊಂಡಿದ್ದ ನಾನು ಅಂಗಡಿ ಅಂಗಡಿಯಲ್ಲಿಯೂ ‘ನಿಮ್ಮ ಕಡೆಯ ತಿಂಡಿ ಏನಿದೆ?’ ಎಂದು ನನ್ನ ದಕ್ಷಿಣಾದಿ ಹಿಂದಿಯಲ್ಲಿ ವಿಚಾರಿಸುತ್ತಿದ್ದೆನು. ಅವರು ವಿನಯದಿಂದಲೇ ಹಳದಿ ತೋರಣದ ಕಡೆಗೆ ಕೈ ತೋರಿಸುತ್ತಿದ್ದರು. ‘ಮಾವ, ಪಾಪ ಅವರು ನಿಮಗೋಸ್ಕರ ಮ್ಯೂಸಿಯಂ ಇಟ್ಟುಕೊಂಡಿದ್ದಾರೆಯೇ?’ ಎಂದು ಅಳಿಯ ಒಂದೆಡೆ ಹೇಳಿಯೇಬಿಟ್ಟನು. ಅವನ ಮಾತು ಉದ್ಧಟತನದ್ದಾಗಿ ಕಂಡಿತಾದರೂ, ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ.

ಮುಂದಿನ ತಂಗುದಾಣದಲ್ಲಿ ಅವನು ಪೊಟ್ಟಣವನ್ನು ತಿರುವಿ ನೋಡುತ್ತ, ‘ಇದು ನಮ್ಮ ನಂಜನಗೂಡಿನದೇ ಇರಬಹುದು’ ಎಂದು ಇನ್ನೊಂದು ಬಾಣ ಬಿಟ್ಟನು. ಮೈಸೂರಿನವರಿಗೆ ಇದು ಹೊಸ ಸಂಗತಿಯಲ್ಲ. ಶ್ರೀಕಂಠೇಶ್ವರನಿಗೂ ರಸಬಾಳೆಗೂ ಪ್ರಸಿದ್ಧವಾದ ಆ ಊರಿನ ಕೈಗಾರಿಕಾ ಬಡಾವಣೆಯಲ್ಲಿ ಈ ಶ್ಯಾವಿಗೆಯನ್ನು ತಯಾರಿಸುವ ಕಾರ್ಖಾನೆ ಬಹುಕಾಲದಿಂದ ಇದೆ. ಹಿಮಾಚಲದ ತಹ್ಲೀವಾಲ್‌ನಲ್ಲಿಯೂ ಅದೇ ಕಂಪನಿಯ ಕಾರ್ಖಾನೆಯಿರುವುದರಿಂದ ನನ್ನ ಬಟ್ಟಲಿನಲ್ಲಿದ್ದುದು ಬಹುಶಃ ಅಲ್ಲಿನ ಸರಕೇ ಆಗಿದ್ದಿರಬೇಕು. ಆದರೆ ಎರಡಕ್ಕೂ ಭೇದವೆಲ್ಲಿದೆ? ಭೇದವಿಲ್ಲದಿರುವುದೇ ಆ ಪದಾರ್ಥದ ಪ್ರತಿಜ್ಞೆ. ನಂಜನಗೂಡಿನ ರಸಬಾಳೆಯನ್ನು ಬೇರೆ ಮಣ್ಣಿನಲ್ಲಿ ನೆಟ್ಟರೆ ಆ ರುಚಿ ಬಾರದೆಂದು ಹೇಳಿಕೊಂಡು ಹೆಮ್ಮೆಪಡುವ ಊರೇ, ಎಲ್ಲಿ ಮಾಡಿದರೂ ಒಂದೇ ರುಚಿಯ ಈ ವಸ್ತುವನ್ನೂ ಲೋಕಕ್ಕೆ ಹಂಚುತ್ತಿರುವುದು ವಿಧಿಯ ವಿನೋದವೆಂದೇ ಹೇಳಬೇಕು.

ಈ ವಸ್ತುವಿನ ವಂಶಾವಳಿಯೂ ಸೋಜಿಗದ್ದೇ. ಸ್ವಿಟ್ಜರ್ಲೆಂಡಿನ ಕೆಂಪ್ಟ್‌ತಾಲ್ ಎಂಬ ಊರಿನ ಹಿಟ್ಟಿನ ಗಿರಣಿಯ ಒಡೆಯನಾದ ಜೂಲಿಯಸ್ ಮ್ಯಾಗಿ ಎಂಬಾತನು, ಕಾರ್ಖಾನೆಗೆ ದುಡಿಯಹೋಗುವ ಹೆಂಗಸರಿಗೆ ಅಡುಗೆ ಮಾಡಲು ವೇಳೆಯಿಲ್ಲದೆ ಬಡಕುಟುಂಬಗಳು ಪುಷ್ಟಿಯಿಲ್ಲದ ಆಹಾರವನ್ನು ತಿನ್ನುತ್ತಿರುವುದನ್ನು ಕಂಡು, ಬಟಾಣಿ ಮತ್ತು ಹುರುಳಿಕಾಯಿ ಜಾತಿಯ ಕಾಳುಗಳ ಹಿಟ್ಟಿನಿಂದ ಬೇಗನೆ ಬೇಯುವ ಸಾರಿನ ಪುಡಿಯನ್ನು 1886ರ ಹೊತ್ತಿಗೆ ಮಾರುಕಟ್ಟೆಗೆ ತಂದನು. ಶ್ಯಾವಿಗೆ ಅವನದಲ್ಲ, ಅದು ಜಪಾನಿನಲ್ಲಿ ನೆಲೆಸಿದ ಮೊಮೊಫುಕು ಆಂಡೊ ಎಂಬಾತನು 1958ರಲ್ಲಿ ಕಂಡುಹಿಡಿದ ಯುಕ್ತಿ. ಹಬೆಯಲ್ಲಿ ಬೆಂದ ಶ್ಯಾವಿಗೆಯನ್ನು ಎಣ್ಣೆಯಲ್ಲಿ ಕರಿದರೆ ನೀರಿನಂಶ ಹಾರಿಹೋಗಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮುಂದೆಂದಾದರೂ ಬಿಸಿನೀರು ತಾಗಿದೊಡನೆ ಆ ರಂಧ್ರಗಳ ಮೂಲಕ ನೀರು ನುಗ್ಗಿ ಅದು ಮತ್ತೆ ಮೆತ್ತಗಾಗುತ್ತದೆ. ಮ್ಯಾಗಿ ಸಂಸ್ಥೆ 1947ರಲ್ಲಿ ನೆಸ್ಲೆಯೊಡನೆ ಕೂಡಿಕೊಂಡಿತು. ಸ್ವಿಸ್ ಹೆಸರೂ ಜಪಾನೀ ಯುಕ್ತಿಯೂ ನಮ್ಮ ಗರಂಮಸಾಲೆಯೂ ಒಂದೇ ಪೊಟ್ಟಣದಲ್ಲಿ ಸೇರಿ 1983ರಲ್ಲಿ ಭಾರತದ ಅಂಗಡಿಗಳಿಗೆ ಬಂದುವು. ಮರುವರ್ಷ ದೂರದರ್ಶನದಲ್ಲಿ ‘ಹಮ್ ಲೋಗ್’ ಧಾರಾವಾಹಿ ಆರಂಭವಾದಾಗ ಅದರ ಪ್ರಾಯೋಜಕತ್ವವೂ ಇದರದೇ. ಕಪ್ಪುಬಿಳುಪು ಟೀವಿಯ ಮುಂದೆ ಬೀದಿಯ ಮಕ್ಕಳೆಲ್ಲ ಚಾಪೆ ಹಾಸಿ ಕುಳಿತ ಆ ಸಂಜೆಗಳಲ್ಲಿ ‘ಎರಡೇ ನಿಮಿಷ’ ಎಂಬ ಮಂತ್ರ ಎಷ್ಟು ಮನೆಗಳನ್ನು ಹೊಕ್ಕಿತೋ!

ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಅಲ್ಲಿಂದ ಮುಂದೆ ಹಸುರು ಹಿಂದೆ ಸರಿಯಿತು. ಮಲೆನಾಡಿನ ಕಣ್ಣಿಗೆ ಪರ್ವತವೆಂದರೆ ಕಾಡು. ಇಲ್ಲಿ ಪರ್ವತವೆಂದರೆ ಬರಿಯ ಪರ್ವತ, ಕಂದು, ನೇರಿಳೆ, ಗಂಧಕದ ಹಳದಿ, ಎಲ್ಲವೂ ಬತ್ತಲೆ. ಗೋಧೂಳಿಯ ಹೊತ್ತಿಗೆ ತಾಬೋ ತಲಪಿದೆವು. ಕ್ರಿ.ಶ. 996ರಲ್ಲಿ ಸ್ಥಾಪಿತವಾದ ಅಲ್ಲಿನ ವಿಹಾರವನ್ನು ಹೊರಗಿನಿಂದ ನೋಡಿದರೆ ಮಣ್ಣಿನ ದೊಡ್ಡ ಕಣಜಗಳ ಗುಂಪೆನಿಸುತ್ತದೆ. ಒಳಗೆ ಕಾಲಿಟ್ಟು ಕತ್ತಲೆಗೆ ಕಣ್ಣು ಒಗ್ಗಿದ ಮೇಲೆ, ನಾಲ್ಕೂ ಗೋಡೆಗಳ ಎತ್ತರದಲ್ಲಿ ಪದ್ಮಾಸನ ಹಾಕಿ ಕುಳಿತ ಮೃಣ್ಮಯ ದೇವತೆಗಳು ಒಬ್ಬೊಬ್ಬರಾಗಿ ಎದ್ದುಬರುತ್ತಾರೆ, ಅವರ ಕೆಳಗೆ ವರ್ಣಚಿತ್ರಗಳ ಪಂಕ್ತಿ ಮುಂದುವರಿಯುತ್ತದೆ. ಭಿಕ್ಷುವೊಬ್ಬನು ಟಾರ್ಚಿನ ಬೆಳಕನ್ನು ಒಂದೊಂದು ಮುಖದ ಮೇಲೂ ಕ್ಷಣಕಾಲ ನಿಲ್ಲಿಸಿ ಮುಂದಕ್ಕೆ ಸರಿಸುತ್ತಿದ್ದನು. ಹೊರಗೆ ಬಂದರೆ, ವಿಹಾರದ ಬೀದಿಯಲ್ಲೇ ಅಂಗಡಿ, ತೋರಣ, ಫಲಕ.

ಆ ರಾತ್ರಿ ಉಸಿರಾಟ ಸಾಗದೆ ನಿದ್ರೆ ಬಾರದಿರಲು, ಸರ್ವವ್ಯಾಪಕತೆ ಎಂಬುದು ನಮ್ಮ ಕಾಲದ ರೋಗವೆಂದು ನಾನು ಅದುವರೆಗೆ ನಂಬಿಕೊಂಡು ಬಂದುದು ಸ್ವಲ್ಪ ಅಲುಗಾಡತೊಡಗಿತು. ಅದೇ ಪದ್ಮಾಸನ, ಅದೇ ಮುದ್ರೆ, ಅದೇ ಅರೆಮುಚ್ಚಿದ ಕಣ್ಣು ಕಾಶ್ಮೀರದಿಂದ ಟಿಬೆಟ್ಟಿನವರೆಗೆ ಊರೂರಿಗೂ ಹೋಗಿ ಕುಳಿತಿರಲಿಲ್ಲವೇ? ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಕೊರೆದ ‘ಓಂ ಮಣಿ ಪದ್ಮೇ ಹೂಂ’ ಎಷ್ಟು ಸಾವಿರ ಸಲ ಕಣ್ಣಿಗೆ ಬಿದ್ದಿರಲಿಲ್ಲ! ಇಷ್ಟೇಕೆ, ಅಶೋಕನ ಅಪ್ಪಣೆಗಳು ನಮ್ಮ ಬ್ರಹ್ಮಗಿರಿ, ಮಸ್ಕಿ, ಸನ್ನತಿಗಳ ಬಂಡೆಗಳಿಂದ ಹಿಮಾಲಯದ ತಪ್ಪಲಿನ ಕಾಲ್ಸಿಯವರೆಗೆ ಹರಡಿದುವಲ್ಲ, ಆಗಿನ ಜಾಣನೊಬ್ಬನು ಪ್ರವಾಸ ಹೊರಟು ‘ಇಲ್ಲಿಯೂ ಅದೇ ಬರೆಹವೇ?’ ಎಂದು ಮೂಗು ಮುರಿದಿರಲೂಬಹುದು. ಆದರೂ ಒಂದು ಅಂತರವನ್ನು ಬಿಟ್ಟುಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಮಣಿಮಂತ್ರ ಎಲ್ಲೆಡೆಯಲ್ಲಿದ್ದರೂ ಅದನ್ನು ಕೊರೆದ ಕೈ ಆಯಾ ಊರಿನದು, ಕಲ್ಲು ಆಯಾ ಹಳ್ಳದ್ದು. ಒಂದರ ಅಕ್ಷರ ಗುಂಡು, ಇನ್ನೊಂದರದು ಉದ್ದ, ಮತ್ತೊಂದರಲ್ಲಿ ಜಾಗ ಸಾಲದೆ ಕೊನೆಯ ಅಕ್ಷರ ಕಲ್ಲಿನ ಬೆನ್ನಿಗೆ ತಿರುಗಿದೆ. ಹಳದಿ ಪೊಟ್ಟಣದಲ್ಲಿ ಯಾರ ಕೈಯೂ ಕಾಣದು. ಹೀಗೆಂದು ತೀರ್ಮಾನಿಸಿ ಸಮಾಧಾನಪಟ್ಟು ಮಲಗಿದೆನು. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ.

ಕಾಜಾ ಪಟ್ಟಣದಿಂದ ಮೇಲಕ್ಕೆ ಹತ್ತಿದರೆ ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಎಂಬ ಹಳ್ಳಿಗಳು. ಹಿಕ್ಕಿಮ್ ಇರುವುದು ಸುಮಾರು 4,400 ಮೀಟರ್ ಎತ್ತರದಲ್ಲಿ. ಲೋಕದಲ್ಲಿಯೇ ಅತ್ಯುನ್ನತವಾದ ಅಂಚೆಕಚೇರಿಗಳಲ್ಲಿ ಒಂದೆಂಬ ಖ್ಯಾತಿ ಪಡೆದ ಅಲ್ಲಿನ ಕಚೇರಿ ತೆರೆದುದು 1983ರಲ್ಲಿ, ಅಂದರೆ ಮ್ಯಾಗಿ ಭಾರತಕ್ಕೆ ಬಂದ ವರ್ಷವೇ. ಬಂದವರೆಲ್ಲ ತಮ್ಮ ವಿಳಾಸಕ್ಕೆ ತಾವೇ ಕಾರ್ಡು ಬರೆದು ಡಬ್ಬಕ್ಕೆ ಹಾಕುತ್ತಾರೆ, ನಾವೂ ಹಾಕಿದೆವು. ಆ ರಾತ್ರಿ ಇಳಿದುಕೊಂಡದ್ದು ಅಲ್ಲಿಯೇ ಒಂದು ರೈತರ ಮನೆಯಲ್ಲಿ.

ಮನೆಯ ಜೀವವೆಲ್ಲ ಅಡುಗೆಕೋಣೆಯಲ್ಲಿ. ನಡುವೆ ತಗಡಿನ ಒಲೆ, ಅದರಿಂದ ಮಾಡಿನ ಹೊರಕ್ಕೆ ಹೋದ ಕೊಳವೆ, ಒಲೆಗೆ ಒಣಗಿದ ಸಗಣಿಯ ಉರುವಲು. ಗೋಡೆಯ ಗೂಡುಗಳಲ್ಲಿ ಬೆಳಗಿದ ತಾಮ್ರದ ಪಾತ್ರೆಗಳು. ಒಲೆಯ ಬಳಿ ಮನೆಯ ಹಿರಿಯಾಕೆ, ಕೈಯಲ್ಲಿ ಜಪಮಣಿ. ಆಕೆಯ ಸೊಸೆ ಅಡುಗೆಗೆ ನಿಂತಿದ್ದಳು. ಏಳೆಂಟು ವರ್ಷದ ಮೊಮ್ಮಗ ಅಳಿಯನ ಕ್ಯಾಮರಾಕ್ಕೆ ಅಂಟಿಕೊಂಡಿದ್ದನು. ಸೊಸೆ ನಮ್ಮ ಮುಂದೆ ಗಿಡ್ಡ ಮೇಜನ್ನಿಟ್ಟು, ಸ್ಟೀಲ್ ಬಟ್ಟಲುಗಳಲ್ಲಿ ತಮ್ಮ ಹೊಲದ ಹಸಿಬಟಾಣಿಯನ್ನು ಧಾರಾಳವಾಗಿ ಹಾಕಿದ ಮ್ಯಾಗಿಯನ್ನು ತಂದಿಟ್ಟಳು. ಸ್ಪಿತಿಯ ಬಟಾಣಿ ಹೆಸರಾದದ್ದು. ಆ ತೆಳುಗಾಳಿಯಲ್ಲಿ ಬೆಳೆದ ಕಾಳು ಹಲ್ಲಿಗೆ ಸಿಕ್ಕಿದರೆ ಸಕ್ಕರೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಟಾಣಿಹಿಟ್ಟಿನಿಂದ ಹೊರಟ ಹೆಸರು ಇಲ್ಲಿ ಬಟಾಣಿಯನ್ನು ಮತ್ತೆ ಸೇರಿತ್ತು.

ನಾನು ತಿನ್ನುತ್ತಿರುವಾಗಲೇ ಹಿರಿಯಾಕೆ ಮುಚ್ಚಳವಿದ್ದ ಮರದ ಬಟ್ಟಲಿನಿಂದ ಕಂದುಹಿಟ್ಟನ್ನು ತೆಗೆದು, ಬೆಣ್ಣೆ–ಉಪ್ಪು ಹಾಕಿದ ಚಹಾವನ್ನು ಅದಕ್ಕೆ ಸುರಿದು, ಒಂದೇ ಕೈಯ ಬೆರಳುಗಳಲ್ಲಿ ಬಟ್ಟಲನ್ನು ತಿರುಗಿಸುತ್ತ ಕಲಸಿ ಸಣ್ಣ ಸಣ್ಣ ಉಂಡೆ ಕಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಕಣವೂ ಹೊರಗೆ ಉದುರಲಿಲ್ಲ. ಅದು ಜವೆಗೋಧಿಯನ್ನು ಹುರಿದು ಬೀಸಿದ ಸಂಪಾ. ನನಗೆ ಬೇಕಾದದ್ದು ಅದೇ, ಇಷ್ಟು ದೂರ ಬಂದು ಹುಡುಕುತ್ತಿದ್ದುದು ಅದನ್ನೇ. ‘ಮಾಜೀ, ನನಗೂ ಸ್ವಲ್ಪ ಕೊಡುತ್ತೀರಾ?’ ಎಂದೆನು. ಆಕೆ ನಾಚಿ ಬಟ್ಟಲನ್ನು ಸೆರಗಿನ ಮರೆಗೆ ಎಳೆದುಕೊಂಡಳು. ಸೊಸೆ ನಕ್ಕು, ‘ಅದು ಮನೆಯವರ ತಿಂಡಿ ಸಾಹೇಬರೇ, ಅತಿಥಿಗಳಿಗೆ ಅದನ್ನು ಇಡುತ್ತಾರೆಯೇ?’ ಎಂದಳು.

ಆ ನಾಚಿಕೆ ನನಗೆ ಪರಿಚಿತವಾದುದು. ನನ್ನ ಬಾಲ್ಯದಲ್ಲಿ, ಮೈಸೂರಿನ ಸುತ್ತಿನ ಎಷ್ಟೋ ಮನೆಗಳಲ್ಲಿ, ಪಟ್ಟಣದ ನೆಂಟರು ಬಂದರೆಂದರೆ ಮುದ್ದೆಯ ಪಾತ್ರೆ ಒಳಕೋಣೆಗೆ ಸೇರುತ್ತಿತ್ತು, ನೆರೆಮನೆಯಿಂದ ಸೇರಕ್ಕಿ ಕಡ ತಂದು ಅನ್ನಕ್ಕೆ ಇಡುತ್ತಿದ್ದರು. ಬಿಳಿಯ ಅನ್ನವೆಂಬುದು ಅಂದಿನ ಮರ್ಯಾದೆ. ರಾಗಿ ಮನೆಯೊಳಗಿನ ಗುಟ್ಟು. ಈಗ ಅದೇ ಮುದ್ದೆ ಹೋಟೆಲುಗಳ ಫಲಕದ ಮೇಲೆ ಮೆರೆಯುತ್ತಿರುವುದು ಬೇರೆಯ ಮಾತು. ಹೊರಗಿನಿಂದ ಬಂದವನು ತನ್ನ ಊರಿನಲ್ಲಿ ಅನುಕೂಲವನ್ನೆಲ್ಲ ಇಟ್ಟುಕೊಂಡು, ಬೆಟ್ಟದವರು ಮಾತ್ರ ತನ್ನ ಕುತೂಹಲಕ್ಕಾಗಿ ಹಳೆಯದನ್ನೇ ತಿನ್ನುತ್ತಿರಬೇಕೆಂದು ಬಯಸುವುದರಲ್ಲಿ ಎಂತಹ ಸ್ವಾರ್ಥವಿದೆಯೆಂಬುದು ಆ ಸೆರಗಿನ ಮರೆಯ ಬಟ್ಟಲನ್ನು ನೋಡಿದಾಗ ಹೊಳೆಯಿತು.

ಇದಲ್ಲದೆ, ಕಾರಣ ಬರಿಯ ಮರ್ಯಾದೆಯದೂ ಅಲ್ಲ. ಆ ಎತ್ತರದಲ್ಲಿ ನೀರು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಎಷ್ಟು ಉರಿಸಿದರೂ ಅದಕ್ಕಿಂತ ಬಿಸಿಯಾಗದು. ಕುಕ್ಕರಿಲ್ಲದಿದ್ದರೆ ಬೇಳೆ ಬೇಯುವುದಿಲ್ಲ, ರಾಜ್ಮಾದ ಮಾತಂತೂ ದೂರ. ಉರುವಲೆಂದರೆ ಬೇಸಗೆಯೆಲ್ಲ ಕೂಡಿಟ್ಟ ಸಗಣಿ, ಇಲ್ಲವೇ ಲಾರಿಯಲ್ಲಿ ಬೆಟ್ಟ ಹತ್ತಿ ಬಂದ ಗ್ಯಾಸ್. ಹೀಗಿರುವಲ್ಲಿ, ಕಾರ್ಖಾನೆಯಲ್ಲಿ ಮೊದಲೇ ಬೆಂದು ಬಂದು, ನೀರು ಬೆಚ್ಚಗಾದರೆ ಸಾಕೆನ್ನುವ ಆಹಾರ ಗೆಲ್ಲದೆ ಇನ್ನಾವುದು ಗೆದ್ದೀತು? ಯೋಚಿಸಿದರೆ ಸಂಪಾ ಗೆದ್ದು ನಿಂತಿದ್ದುದೂ ಈ ಬಲದಿಂದಲೇ. ಕಾಳನ್ನು ಒಮ್ಮೆ ಹುರಿದಿಟ್ಟುಕೊಂಡರೆ ಮತ್ತೆ ಬೇಯಿಸುವ ಗೋಜಿಲ್ಲ. ಕುರಿಗಾಹಿಯೂ ಯಾತ್ರಿಕನೂ ಚೀಲದಲ್ಲಿ ಹಾಕಿಕೊಂಡು ಹೊರಟರೆ ಆಯಿತು. ನಮ್ಮ ರಾಗಿಯ ಹುರಿಹಿಟ್ಟು ಮಾಡುತ್ತಿದ್ದುದೂ, ಅವಲಕ್ಕಿ ಇಂದಿಗೂ ಮಾಡುತ್ತಿರುವುದೂ ಇದನ್ನೇ ಅಲ್ಲವೆ? ಹಳದಿ ಪೊಟ್ಟಣ ಬಂದು ಕುಳಿತದ್ದು ಖಾಲಿ ಜಾಗದಲ್ಲಲ್ಲ. ಸಂಪಾ ಕುಳಿತಿದ್ದ ಮಣೆಯ ಮೇಲೇ.

ಹಿರಿಯಾಕೆ ಕೊನೆಗೂ ಒಂದು ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟಳು. ಹುರಿದ ಕಾಳಿನ ಘಮ, ಮೇಲೆ ಉಪ್ಪುಬೆಣ್ಣೆ, ನಾಲಿಗೆಗೆ ತುಸು ಮರಳುಮರಳು. ನಮ್ಮಲ್ಲಿ ಹುರಿಹಿಟ್ಟಿಗೆ ಹಾಲುಬೆಲ್ಲ ಹಾಕುತ್ತೇವೆಂದು ಹೇಳಿದಾಗ ಆಕೆ ಸೊಸೆಯ ಕಡೆಗೆ ನೋಡಿ ಏನೋ ಅಂದಳು. ‘ಸಿಹಿ ಹಾಕುತ್ತಾರಂತೆ, ಪಾಪ ಅಂತಾರೆ’ ಎಂದು ಸೊಸೆ ಅನುವಾದಿಸಿದಳು.

ಹಿಂದಿರುಗಿದ್ದು ಕುಂಜುಮ್ ಕಣಿವೆದಾರಿಯಿಂದ, ಮನಾಲಿಯ ಕಡೆಗೆ. 4,500 ಮೀಟರಿಗೂ ಮಿಗಿಲಾದ ಆ ನೆತ್ತಿಯಲ್ಲಿ ಪ್ರಾರ್ಥನಾಪತಾಕೆಗಳ ಸದ್ದಿಗೆ ನಮ್ಮ ಮಾತು ನಮಗೇ ಕೇಳಲಿಲ್ಲ. ಇಳಿದು ಬಾತಲ್ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಮುಂದಿನ ಹಳ್ಳ ಉಕ್ಕಿತ್ತು; ಬೆಳಗಿನ ಜಾವದ ಚಳಿಗೆ ನೀರು ತಗ್ಗುವವರೆಗೆ ದಾಟುವಂತಿಲ್ಲ. ಕಲ್ಲುಗೋಡೆಗೆ ಟಾರ್ಪಾಲು ಹೊದಿಸಿದ ಢಾಬಾದಲ್ಲಿ ಲಾರಿ ಚಾಲಕರು, ಕೇರಳದ ಮೋಟಾರ್‌ಸೈಕಲ್ ಹುಡುಗರು, ಕುರಿ ಹೊಡೆದುಕೊಂಡು ಬಂದ ಗದ್ದಿ ಕುರುಬರು, ನಾವು, ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೆವು. ಢಾಬಾದವನು ಯಾರನ್ನೂ ಏನು ಬೇಕೆಂದು ಕೇಳಲಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಪೊಟ್ಟಣಗಳನ್ನು ಹಲ್ಲಿನಿಂದ ಹರಿದು ಹರಿದು ಹಾಕಿ, ಮಸಾಲೆಯ ಚೀಟಿಗಳನ್ನು ಒಟ್ಟಿಗೆ ಕೊಡವಿ, ಸೌಟಿನಲ್ಲಿ ಎಲ್ಲರಿಗೂ ಬಡಿಸಿದನು. ಚಾಲಕನೊಬ್ಬನು ಗೋಣಿಯಿಂದ ಈರುಳ್ಳಿ ತೆಗೆದುಕೊಟ್ಟನು. ಭಾಷೆ ಕೂಡದ ಅಷ್ಟು ಜನ ಒಂದು ವಾಸನೆಗೆ ಏಕಕಾಲದಲ್ಲಿ ಕತ್ತೆತ್ತಿ ನೋಡಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆ ರಾತ್ರಿ ಅದು ರುಚಿಯಾಗಿತ್ತೆಂದು ಒಪ್ಪಿಕೊಳ್ಳದಿದ್ದರೆ ಅನ್ನದ್ರೋಹವಾದೀತು.

ಮಾತು 2015ರ ಕಡೆಗೆ ಹೊರಳಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಸೀಸದ ಅಂಶದ ವಿವಾದದಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಈ ಶ್ಯಾವಿಗೆಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿತ್ತು. ಸಾವಿರಾರು ಟನ್ ಸರಕನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಲ್ಲಿ ಸುಟ್ಟರು. ಪರೀಕ್ಷೆಗಳಲ್ಲಿ ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯೂ ಪಾಲ್ಗೊಂಡು, ಗೋವಾದಿಂದ ಬಂದ ಮಾದರಿಗಳು ನಿಯಮಕ್ಕೆ ಒಳಪಟ್ಟಿವೆಯೆಂದು ವರದಿ ಕೊಟ್ಟಿತು. ಆಗಸ್ಟಿನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ ನಿಷೇಧವನ್ನು ತೆಗೆಯಿತು. ಮತ್ತೆ ತಯಾರಿಕೆ ಶುರುವಾದ ಮೊದಲ ಮೂರು ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದು. ನವೆಂಬರಿನಲ್ಲಿ ಪೊಟ್ಟಣ ಅಂಗಡಿಗೆ ಮರಳಿತು, ಆದರೆ ಅಷ್ಟು ಹೊತ್ತಿಗೆ ಕುಂಜುಮ್‌ನ ದಾರಿ ಹಿಮದಲ್ಲಿ ಮುಚ್ಚಿರುತ್ತದೆ. ‘ಆ ವರ್ಷ ಏನು ಮಾಡಿದಿರಿ?’ ಎಂದು ನಾನು ಢಾಬಾದವನನ್ನು ಕೇಳಿದೆನು. ‘ಮಾಡುವುದೇನು? ಬೇರೆ ಕಂಪನಿಯದನ್ನು ತಂದೆ. ಜನ ಅದನ್ನೂ ಮ್ಯಾಗಿ ಅಂತಲೇ ಕೇಳಿ ತಿಂದರು’ ಎಂದನು.

ಬೆಳಿಗ್ಗೆ ಹಳ್ಳ ಇಳಿದಿತ್ತು. ದಾಟುವಾಗ, ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡು ನೀರಿನ ಸೆಳೆತಕ್ಕೆ ನಡುಗುತ್ತಿದ್ದ ಖಾಲಿ ಪೊಟ್ಟಣಗಳನ್ನು ಕಂಡೆನು. ಸಂಪಾ ತಿಂದವರು ಹಿಂದೆ ಏನನ್ನೂ ಬಿಟ್ಟುಹೋಗುತ್ತಿರಲಿಲ್ಲ. ಈ ಒಂದು ಆಕ್ಷೇಪಣೆಗೆ ಮಾತ್ರ ನನ್ನ ಅಳಿಯನ ಬಳಿಯೂ ಉತ್ತರವಿರಲಿಲ್ಲ. ಅವನು ಪ್ಯಾಂಟು ಮಡಿಚಿಕೊಂಡು ಇಳಿದು ಕೈಗೆ ಸಿಕ್ಕಿದಷ್ಟನ್ನು ಹೆಕ್ಕಿ ಕಾರಿನ ಹಿಂಬದಿಗೆ ತುಂಬಿದನು.

ಮೈಸೂರಿಗೆ ಬಂದ ಮೇಲೆ ನನ್ನ ಹೆಂಡತಿ ಹಿಕ್ಕಿಮ್‌ನ ಕಥೆಯನ್ನು ಕೇಳಿ, ರಾಗಿಯನ್ನು ನೆನೆಸಿ ಅರಳು ಹುರಿದು ಬೀಸಿಸಿ, ಏಲಕ್ಕಿ ಹಾಕಿ, ಒಂದು ಡಬ್ಬ ಹುರಿಹಿಟ್ಟನ್ನು ಸಿದ್ಧಪಡಿಸಿದಳು. ಬೆಲ್ಲದ ಪುಡಿ ಬೇರೆ ಪೊಟ್ಟಣ. ಅದನ್ನು ಬಟ್ಟೆಯಲ್ಲಿ ಹೊಲಿದು ಅಂಚೆಗೆ ಹಾಕಿದೆನು. ನಮ್ಮ ಕಾರ್ಡುಗಳು ನಮಗೆ ಬಂದು ತಲಪಿದುವು, ಆ ಡಬ್ಬದ ಸುದ್ದಿ ಮಾತ್ರ ಬರಲಿಲ್ಲ. ಹೋಗಿ ಸೇರಲಿಲ್ಲವೆಂದೇ ಎಣಿಸಿದ್ದಾಗ ಒಂದು ಸಂಜೆ ಸೊಸೆಯ ಫೋನು ಬಂತು. ಅತ್ತೆಗೆ ಹಿಟ್ಟು ಬಹಳ ಹಿಡಿಸಿತು, ಉಪ್ಪಿನ ಚಹಾದಲ್ಲಿ ಕಲಸಿಕೊಂಡರು; ಬೆಲ್ಲವನ್ನು ದನಕ್ಕೆ ಕೊಟ್ಟೆವು, ಬೇಸರ ಮಾಡಿಕೊಳ್ಳಬೇಡಿ ಎಂದಳು. ‘ಮತ್ತೆ ಹುಡುಗ?’ ಎಂದೆನು. ಹುಡುಗ ಮೊದಲು ಮುಟ್ಟಲಿಲ್ಲವಂತೆ. ಆಮೇಲೆ ಮ್ಯಾಗಿಯ ಮಸಾಲೆ ಚೀಟಿಯೊಂದನ್ನು ಹರಿದು ಮೇಲೆ ಉದುರಿಸಿಕೊಂಡು ಬಟ್ಟಲು ಖಾಲಿ ಮಾಡಿದನಂತೆ.

ಇದನ್ನು ಹೆಂಡತಿಗೆ ಹೇಳಿದಾಗ ಆಕೆ ನನ್ನಂತೆ ವಿಚಾರಕ್ಕೆ ಇಳಿಯಲಿಲ್ಲ. ಡಬ್ಬದ ತಳದಲ್ಲಿ ಉಳಿದಿದ್ದ ಹಿಟ್ಟಿಗೆ ಮಜ್ಜಿಗೆ ಹಾಕಿ, ಮೊಮ್ಮಗಳಿಗೆಂದು ತಂದಿಟ್ಟಿದ್ದ ಪೊಟ್ಟಣವನ್ನು ಒಡೆದು ಮಸಾಲೆ ಬೆರೆಸಿ, ಒಂದು ಚಮಚ ಬಾಯಿಗಿಟ್ಟು ನೋಡಿ, ‘ಅರ್ಧ ಚೀಟಿ ಸಾಕಾಗಿತ್ತು, ಉಪ್ಪು ಮುಂದಾಯಿತು’ ಎಂದಳು.